ಇಂಗ್ಲಿಷ್ ಅರ್ಜಿ ಮತ್ತು ಅಫಿಡವಿಟ್‌ಗಳಲ್ಲಿ ಪೂರ್ಣ ಭೂತಕಾಲ ಹಾಗೂ ಸಂಬಂಧಾರ್ಥಕ ಸರ್ವನಾಮಗಳ ಬಳಕೆ: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಜ್ಯ ಸರ್ಕಾರದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯು ಇಂಗ್ಲಿಷ್‌ನಲ್ಲಿಯೇ ಇರಬೇಕೆಂಬ ನಿಯಮವಿರುವುದಿಲ್ಲ. ಕರ್ನಾಟಕ ರಾಜಭಾಷಾ ಅಧಿನಿಯಮ, 1963 ರ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ಕುಂದುಕೊರತೆ ನಿವಾರಣೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ಅನುಚ್ಛೇದವು ಪ್ರತಿಯೊಬ್ಬರಿಗೂ ನೀಡಿದೆ. ಮಾಹಿತಿ ಹಕ್ಕು ಅಧಿನಿಯಮ, 2005 ರ 6ನೇ ಪ್ರಕರಣದಂತೆ ಮಾಹಿತಿ ಕೋರುವ ಅರ್ಜಿಯನ್ನೂ ಕನ್ನಡದಲ್ಲಿ ಬರೆಯಬಹುದು. ಆದುದರಿಂದ ನಾಡಕಚೇರಿ, ತಾಲ್ಲೂಕು ಕಚೇರಿ, ನಗರಸಭೆ ಹಾಗೂ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸವಿರುವವರು ಇಂಗ್ಲಿಷ್ ಬಾರದೆಂದು ಹಿಂಜರಿಯಬೇಕಾಗಿಲ್ಲ. ಅರ್ಥವಾಗದ ಇಂಗ್ಲಿಷ್‌ನಲ್ಲಿ ಬೇರೆಯವರಿಂದ ಬರೆಯಿಸಿ ತಂದ ಅರ್ಜಿಗಿಂತ ತಮ್ಮದೇ ಕನ್ನಡದಲ್ಲಿ ಬರೆದ ಅರ್ಜಿಯು ಎಷ್ಟೋ ಮೇಲು.

ಆದಾಗ್ಯೂ ಇಂಗ್ಲಿಷ್ ಅನಿವಾರ್ಯವಾಗುವ ಸಂದರ್ಭಗಳೂ ಉಂಟು. ಮಕ್ಕಳು ವಿದೇಶದಲ್ಲಿ ಓದಲು ಹೊರಟಾಗ, ಹೊರರಾಜ್ಯದ ಬ್ಯಾಂಕಿನಲ್ಲಿ ಮೃತರ ಠೇವಣಿಯನ್ನು ಪಡೆಯಬೇಕಾದಾಗ, ಕೇಂದ್ರ ಸರ್ಕಾರದ ಪ್ರಾಧಿಕಾರಗಳೊಡನೆ ಪತ್ರವ್ಯವಹಾರ ನಡೆಸುವಾಗ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಪ್ರಕರಣಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋದಾಗ ಕನ್ನಡ ದಾಖಲೆಗಳನ್ನು ಇಂಗ್ಲಿಷ್‌ಗೆ ಭಾಷಾಂತರಿಸಬೇಕಾಗುತ್ತದೆ. ಹೆಸರಿನ ಅಕ್ಷರ ತಪ್ಪಾದರೆ ಅದು ಕಣ್ಣಿಗೆ ಬೀಳುತ್ತದೆ, ತಿದ್ದುಪಡಿಗೂ ದಾರಿಯುಂಟು. ಕಣ್ಣಿಗೆ ಬೀಳದೆ ಉಳಿಯುವ ತಪ್ಪುಗಳು ಎರಡು: ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತೆಂಬುದು ಅದಲುಬದಲಾಗುವುದು, ಒಂದು ವಿವರಣೆಯು ಯಾರಿಗೆ ಸೇರಿದ್ದೆಂಬುದು ಅಸ್ಪಷ್ಟವಾಗುವುದು. ಮೊದಲನೆಯದಕ್ಕೆ ಇಂಗ್ಲಿಷ್‌ನ ಪೂರ್ಣ ಭೂತಕಾಲ ಅಂದರೆ ಪಾಸ್ಟ್ ಪರ್ಫೆಕ್ಟ್ ಟೆನ್ಸ್, ಎರಡನೆಯದಕ್ಕೆ ಸಂಬಂಧಾರ್ಥಕ ಸರ್ವನಾಮ ಅಂದರೆ ರಿಲೆಟಿವ್ ಪ್ರೊನೌನ್ ಸಂಬಂಧಿಸಿರುತ್ತದೆ. ಇವೆರಡನ್ನು ಅಭ್ಯಾಸ ಮಾಡಲು ನೆರವಾಗುವ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಓದುವವರ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲಾಗಿದೆ.

ಕಚೇರಿ ಕನ್ನಡದ "ಇರುತ್ತದೆ"

ಕಚೇರಿಯ ಕನ್ನಡಕ್ಕೆ ತನ್ನದೇ ಆದ ಒಂದು ಕ್ರಿಯಾಪದ ರೂಪವಿದೆ. "ಅರ್ಜಿ ಸಲ್ಲಿಸಿರುತ್ತಾರೆ", "ಶುಲ್ಕ ಪಾವತಿಸಿರುತ್ತಾರೆ", "ಮೃತಪಟ್ಟಿರುತ್ತಾರೆ" ಎಂದು ಪಂಚನಾಮೆಯಿಂದ ಹಿಡಿದು ವಂಶವೃಕ್ಷದವರೆಗೆ ಎಲ್ಲೆಡೆಯೂ ಇದೇ ರೂಪ ಕಾಣುತ್ತದೆ. ಈ ಪುಟವೂ ಅದಕ್ಕೆ ಹೊರತಲ್ಲ. ಮನೆಯಲ್ಲಿ ಯಾರೂ "ನಮ್ಮ ಅಜ್ಜ ತೀರಿಕೊಂಡಿರುತ್ತಾರೆ" ಎಂದು ಹೇಳುವುದಿಲ್ಲ. "ತೀರಿಕೊಂಡರು", "ತೀರಿಕೊಂಡಿದ್ದಾರೆ", "ಆಗಲೇ ತೀರಿಕೊಂಡಿದ್ದರು" ಎಂದು ಸಂದರ್ಭಕ್ಕೆ ತಕ್ಕಂತೆ ಮೂರು ಬಗೆಯಲ್ಲಿ ಹೇಳುತ್ತಾರೆ. ಕಚೇರಿಯ ರೂಪವು ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದುಬಿಡುತ್ತದೆ. ಕನ್ನಡದಲ್ಲಿ ಓದುವ ಸಿಬ್ಬಂದಿಗೆ ದಿನಾಂಕಗಳು ಎದುರಿಗೇ ಇರುವುದರಿಂದ ತೊಂದರೆಯಾಗದು. ಅದೇ ಮಾತನ್ನು ಇಂಗ್ಲಿಷ್‌ಗೆ ತಿರುಗಿಸುವಾಗ ಮೂರರಲ್ಲಿ ಒಂದನ್ನು ಆರಿಸಲೇಬೇಕು.

ಒಂದು ಉದಾಹರಣೆ. ಸಂಡೂರು ತಾಲ್ಲೂಕಿನ ಒಂದು ಜಮೀನಿನ ಖಾತೆದಾರರೂ ಅವರ ಮಗನೂ ಈಗ ಇಲ್ಲವೆಂದು ಭಾವಿಸಿ. ವಂಶವೃಕ್ಷದಲ್ಲಿ ಹೀಗೆ ಬರೆಯಲಾಗಿದೆ: "ಖಾತೆದಾರರು ಮೃತಪಟ್ಟಿರುತ್ತಾರೆ. ಇವರ ಮಗನು ಸಹ ಮೃತಪಟ್ಟಿರುತ್ತಾನೆ." ಇದನ್ನು "ದಿ ಖಾತೆದಾರ್ ಡೈಡ್ ಅಂಡ್ ಹಿಸ್ ಸನ್ ಆಲ್ಸೋ ಡೈಡ್" ಎಂದು ಭಾಷಾಂತರಿಸಿದರೆ, ತಂದೆಯು ಮೊದಲು ತೀರಿಕೊಂಡರು, ನಂತರ ಮಗ ಎಂದೇ ಓದುಗರು ತಿಳಿಯುತ್ತಾರೆ. ಇಂಗ್ಲಿಷ್‌ನಲ್ಲಿ ಸಾಮಾನ್ಯ ಭೂತಕಾಲದ ಎರಡು ಕ್ರಿಯಾಪದಗಳನ್ನು ಜೋಡಿಸಿದಾಗ ಅವು ಬರೆದ ಕ್ರಮದಲ್ಲಿಯೇ ನಡೆದುವೆಂಬ ಅರ್ಥ ಬರುತ್ತದೆ. ವಾಸ್ತವದಲ್ಲಿ ಮಗನು ಮೊದಲು ತೀರಿಕೊಂಡಿದ್ದರೆ ಬರೆಯಬೇಕಾದ ವಾಕ್ಯ ಬೇರೆ: "ವೆನ್ ದಿ ಖಾತೆದಾರ್ ಡೈಡ್, ಹಿಸ್ ಸನ್ ಹ್ಯಾಡ್ ಆಲ್ರೆಡಿ ಡೈಡ್."

ಈ "ಹ್ಯಾಡ್" ಎಂಬ ಒಂದು ಪದದ ಮೇಲೆ ಪಾಲು ನಿಂತಿರುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956 ರ ಪ್ರಕಾರ, ಉಯಿಲು ಬರೆಯದೆ ಮೃತಪಟ್ಟ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ, ಅವನಿಗಿಂತ ಮೊದಲೇ ತೀರಿಕೊಂಡ ಮಗನ ಪಾಲು ಆ ಮಗನ ಹೆಂಡತಿಗೂ ಮಕ್ಕಳಿಗೂ ಹೋಗುತ್ತದೆ. ಮಗನು ತಂದೆಯ ನಂತರ, ಒಂದೇ ದಿನ ತಡವಾಗಿ ತೀರಿಕೊಂಡಿದ್ದರೂ, ಪಾಲು ಮೊದಲು ಮಗನಿಗೆ ಬಂದು, ಅಲ್ಲಿಂದ ಅವನ ವಾರಸುದಾರರಿಗೆ ಇಳಿಯುತ್ತದೆ. ಆ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆಗೆ ಅವನ ತಾಯಿಯೂ ಸೇರುತ್ತಾಳೆ. ಅಂದರೆ ಖಾತೆದಾರರ ವಿಧವೆಗೆ ತನ್ನ ಸ್ವಂತ ಪಾಲಿನ ಜೊತೆಗೆ ಮಗನ ಪಾಲಿನಲ್ಲಿಯೂ ಒಂದು ಭಾಗ ದೊರೆಯುವುದೋ ಇಲ್ಲವೋ ಎಂಬುದು ಎರಡು ಸಾವುಗಳ ಕ್ರಮವನ್ನು ಅವಲಂಬಿಸಿದೆ. ಹಾಗಾಗಿ ಇಂತಹ ವಾಕ್ಯದಲ್ಲಿ ಕ್ರಿಯಾಪದದ ರೂಪವನ್ನು ಸರಿಪಡಿಸುವುದರ ಜೊತೆಗೆ ಎರಡೂ ದಿನಾಂಕಗಳನ್ನು ನಮೂದಿಸತಕ್ಕದ್ದು.

ಪೂರ್ಣ ಭೂತಕಾಲದ ರಚನೆ

ರಚನೆ ಸುಲಭ. "ಹ್ಯಾಡ್" ಎಂಬ ಪದದ ನಂತರ ಕ್ರಿಯಾಪದದ ಮೂರನೆಯ ರೂಪವನ್ನು ಬರೆಯಬೇಕು. "ಗೋ, ವೆಂಟ್, ಗಾನ್" ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ಕೊನೆಯದೇ ಆ ರೂಪ. ಐ, ಹಿ, ಶಿ, ದೇ ಎಲ್ಲಕ್ಕೂ "ಹ್ಯಾಡ್" ಒಂದೇ. ಕರ್ಮಣಿ ಪ್ರಯೋಗವಾದರೆ "ಹ್ಯಾಡ್ ಬೀನ್" ಸೇರುತ್ತದೆ: "ದಿ ಫೀ ಹ್ಯಾಡ್ ಬೀನ್ ಪೇಯ್ಡ್."

ಬಳಕೆಯ ನಿಯಮವೂ ಒಂದೇ. ಹಿಂದೆ ನಡೆದ ಒಂದು ಘಟನೆಯ ಹೊತ್ತಿಗೆ ಅದಕ್ಕಿಂತ ಹಿಂದಿನ ಇನ್ನೊಂದು ಘಟನೆ ಮುಗಿದಿತ್ತೆಂದು ಹೇಳಬೇಕಾದಾಗ, ಹಿಂದಿನದಕ್ಕೆ "ಹ್ಯಾಡ್" ಬಳಸಬೇಕು. 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದುದು ಈ ಭಾಗದ ಪ್ರತಿಯೊಬ್ಬ ರೈತರಿಗೂ ನೆನಪಿದೆ. ಸುಮಾರು ಒಂದು ವಾರದ ನಂತರ ತಾತ್ಕಾಲಿಕ ಗೇಟನ್ನು ಅಳವಡಿಸಲಾಯಿತು. ಅಷ್ಟರಲ್ಲಿ ಅಪಾರ ನೀರು ನದಿಗೆ ಹರಿದುಹೋಗಿತ್ತು. ಇದನ್ನು ಇಂಗ್ಲಿಷ್‌ನಲ್ಲಿ ಹೇಳುವ ಬಗೆ: "ಬೈ ದಿ ಟೈಮ್ ದಿ ಟೆಂಪರರಿ ಗೇಟ್ ವಾಸ್ ಫಿಕ್ಸ್ಡ್, ಎ ಲಾಟ್ ಆಫ್ ವಾಟರ್ ಹ್ಯಾಡ್ ಫ್ಲೋಡ್ ಔಟ್." ಗೇಟು ಅಳವಡಿಸಿದ್ದು ನಂತರದ ಘಟನೆ, ಅದು ಸಾಮಾನ್ಯ ಭೂತಕಾಲದಲ್ಲಿದೆ. ನೀರು ಹರಿದದ್ದು ಮೊದಲಿನದು, ಅದಕ್ಕೆ "ಹ್ಯಾಡ್" ಬಂದಿದೆ.

ವಾಕ್ಯದಲ್ಲಿ "ಬಿಫೋರ್" ಅಥವಾ "ಆಫ್ಟರ್" ಇದ್ದು ಕ್ರಮವು ತಾನಾಗಿಯೇ ಸ್ಪಷ್ಟವಾಗುವುದಾದರೆ "ಹ್ಯಾಡ್" ಕೈಬಿಟ್ಟರೂ ತಪ್ಪೆನಿಸದು.

"ಬಂದಿದ್ದೆ" ಎಂಬುದಕ್ಕೆ "ಹ್ಯಾಡ್ ಕಮ್" ಅಲ್ಲ

ಕನ್ನಡ ಮಾತನಾಡುವವರು ಇಂಗ್ಲಿಷ್ ಬರೆಯುವಾಗ ಮಾಡುವ ಅತ್ಯಂತ ಸಾಮಾನ್ಯ ತಪ್ಪು "ಹ್ಯಾಡ್" ಬೇಕಾದಲ್ಲಿ ಬಿಡುವುದಲ್ಲ, ಬೇಡವಾದಲ್ಲಿ ಸೇರಿಸುವುದು. "ನಿನ್ನೆ ತಮ್ಮ ಕಚೇರಿಗೆ ಬಂದಿದ್ದೆ" ಎಂಬುದು ಸಹಜ ಕನ್ನಡ. ಬಂದು, ಸ್ವಲ್ಪ ಹೊತ್ತು ಇದ್ದು, ಹಿಂತಿರುಗಿದೆ ಎಂಬ ಭಾವ ಅದರಲ್ಲಿದೆ. "ನಿನ್ನೆ ಬಂದೆ" ಎಂದರೆ ಇನ್ನೂ ಇಲ್ಲಿಯೇ ಇದ್ದೇನೆಂಬ ಧ್ವನಿ ಬರುತ್ತದೆ. ಇಂಗ್ಲಿಷ್‌ನ "ಹ್ಯಾಡ್"ಗೆ ಈ ಭಾವವಿಲ್ಲ. "ಐ ಹ್ಯಾಡ್ ಕಮ್ ಟು ಯುವರ್ ಆಫೀಸ್ ಯೆಸ್ಟರ್‌ಡೇ" ಎಂದು ಓದಿದವರು, ಮುಂದೆ ಬೇರೇನೋ ನಡೆಯಿತು, ಅದನ್ನು ಅರ್ಜಿದಾರರು ಬರೆಯಲು ಮರೆತಿದ್ದಾರೆ ಎಂದು ಕಾಯುತ್ತಾರೆ. ಇಲ್ಲಿ "ಐ ಕೇಮ್ ಟು ಯುವರ್ ಆಫೀಸ್ ಯೆಸ್ಟರ್‌ಡೇ" ಎಂದರೆ ಸಾಕು.

ಅದೇ ರೀತಿ "ನಾನು ಮಾರ್ಚ್ 5 ರಂದು ಅರ್ಜಿ ಸಲ್ಲಿಸಿದ್ದೆ" ಎಂಬುದಕ್ಕೆ "ಐ ಸಬ್‌ಮಿಟೆಡ್ ದಿ ಅಪ್ಲಿಕೇಶನ್ ಆನ್ ಮಾರ್ಚ್ 5" ಎಂದೇ ಬರೆಯಬೇಕು. ಆದರೆ ಮೇಲ್ಮನವಿಯಲ್ಲಿ, ಅರ್ಜಿಯು ಕೊನೆಯ ದಿನಾಂಕದೊಳಗೆ ತಲುಪಿರಲಿಲ್ಲವೆಂಬ ಹಿಂಬರಹಕ್ಕೆ ಉತ್ತರಿಸುವಾಗ ಅದೇ ಮಾತಿಗೆ "ಹ್ಯಾಡ್" ಬೇಕಾಗುತ್ತದೆ: "ವೆನ್ ದಿ ಲಾಸ್ಟ್ ಡೇಟ್ ಎಕ್ಸ್‌ಪೈರ್ಡ್ ಆನ್ ಮಾರ್ಚ್ 31, ಐ ಹ್ಯಾಡ್ ಆಲ್ರೆಡಿ ಸಬ್‌ಮಿಟೆಡ್ ದಿ ಅಪ್ಲಿಕೇಶನ್." ಇಲ್ಲಿ ಹೋಲಿಕೆಗೆ ಎರಡನೆಯ ದಿನಾಂಕವಿದೆ. ಹೋಲಿಕೆಗೆ ಇನ್ನೊಂದು ಭೂತಕಾಲದ ಘಟನೆ ಇಲ್ಲದಿದ್ದರೆ "ಹ್ಯಾಡ್" ಬರೆಯಬಾರದು ಎಂಬುದನ್ನು ನೆನಪಿಟ್ಟರೆ ಮುಕ್ಕಾಲು ಪಾಲು ತಪ್ಪುಗಳು ನಿಲ್ಲುತ್ತವೆ.

ಹಂಪಿಯ ಮನೆ ದುರಸ್ತಿ ಅರ್ಜಿಗಳು

ಹಂಪಿ ಮತ್ತು ಅದರ ಸುತ್ತಲಿನ ಗ್ರಾಮಗಳ ನಿವಾಸಿಗಳಿಗೆ ಈ ವ್ಯಾಕರಣವು ಮನೆಯ ಚಾವಣಿಯ ಪ್ರಶ್ನೆಯೇ ಆಗಿದೆ. ಹಂಪಿಯ ಸ್ಮಾರಕ ಸಮೂಹವು 1986 ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿರುವ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಪ್ರಾಚೀನ ಸ್ಮಾರಕಗಳ ಅಧಿನಿಯಮ, 1958 ಅನ್ವಯಿಸುತ್ತದೆ. 2010 ರಲ್ಲಿ ತಿದ್ದುಪಡಿಯಾದ ಆ ಅಧಿನಿಯಮದಂತೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶವೆಂದು ಪರಿಗಣಿಸಲಾಗುತ್ತದೆ. ನಿಷೇಧಿತ ಪ್ರದೇಶದಲ್ಲಿ 1992 ರ ಜೂನ್ 16 ಕ್ಕೆ ಮೊದಲೇ ಅಸ್ತಿತ್ವದಲ್ಲಿದ್ದ ಕಟ್ಟಡದ ಮಾಲೀಕರು ಅದರ ದುರಸ್ತಿಗೆ ಅಥವಾ ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಕೋರಬಹುದು.

ಆದ್ದರಿಂದ ಅರ್ಜಿಯಲ್ಲಿ ಸ್ಪಷ್ಟವಾಗಿ ಮೂಡಬೇಕಾದ ಅಂಶ ಒಂದೇ: ಆ ದಿನಾಂಕದ ಹೊತ್ತಿಗೆ ಮನೆ ಇತ್ತು. "ಮನೆಯನ್ನು 1992 ರಲ್ಲಿ ಕಟ್ಟಿರುತ್ತದೆ" ಎಂಬ ಕನ್ನಡ ವಾಕ್ಯವು ಜೂನ್‌ಗೆ ಮುಂಚೆಯೋ ನಂತರವೋ ಎಂಬುದನ್ನು ಹೇಳುವುದಿಲ್ಲ. "ದಿ ಹೌಸ್ ವಾಸ್ ಬಿಲ್ಟ್ ಇನ್ 1992" ಎಂಬ ಇಂಗ್ಲಿಷ್ ವಾಕ್ಯವೂ ಹೇಳುವುದಿಲ್ಲ. "ಇನ್" ಎಂಬುದು ಅವಧಿಯನ್ನು ಮಾತ್ರ ತೋರಿಸುತ್ತದೆ. ಒಂದು ಗೆರೆಯನ್ನು ಎಳೆದು, ಅದಕ್ಕೆ ಮುಂಚೆ ಕೆಲಸ ಮುಗಿದಿತ್ತೆಂದು ತೋರಿಸುವುದು "ಬೈ" ಮತ್ತು "ಹ್ಯಾಡ್" ಜೋಡಿ: "ದಿ ಹೌಸ್ ಹ್ಯಾಡ್ ಬೀನ್ ಬಿಲ್ಟ್ ಬೈ ಮೇ 1992." ಕಟ್ಟಿದ ವರ್ಷ ತಿಳಿದಿದ್ದರೆ ಇನ್ನೂ ಸರಳವಾಗಿ "ದಿ ಹೌಸ್ ವಾಸ್ ಬಿಲ್ಟ್ ಇನ್ 1985" ಎಂದು ಬರೆದು, ಮನೆ ಕಂದಾಯದ ರಸೀದಿ ಮುಂತಾದ ಹಳೆಯ ದಾಖಲೆಗಳನ್ನು ಲಗತ್ತಿಸುವುದು ಸೂಕ್ತ. ವ್ಯಾಕರಣವು ಪುರಾವೆಗೆ ಬದಲಿಯಾಗದು.

ಅಧಿನಿಯಮದ ಇಂಗ್ಲಿಷ್ ಪಾಠವನ್ನು ಓದುವವರು ಗಮನಿಸಬಹುದಾದ ಸಂಗತಿಯೊಂದಿದೆ. ಮಾಲೀಕನನ್ನು "ಹೂ" ಎಂದೂ, ಕಟ್ಟಡವನ್ನು "ವಿಚ್" ಎಂದೂ ಅಲ್ಲಿ ವಿವರಿಸಲಾಗಿದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೇ ಪ್ರಕರಣದಲ್ಲಿಯೂ ಇದೇ ಬಗೆಯ ರಚನೆಯಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ನೀಡಿದ 2005 ರ ತಿದ್ದುಪಡಿಯು, 2004 ರ ಡಿಸೆಂಬರ್ 20 ಕ್ಕೆ ಮೊದಲು ನಡೆದುಹೋಗಿದ್ದ ವಿಭಾಗ, ಪರಭಾರೆಗಳಿಗೆ ಬಾಧಕವಾಗುವುದಿಲ್ಲವೆಂದು ಹೇಳುವಾಗ "ವಿಚ್ ಹ್ಯಾಡ್ ಟೇಕನ್ ಪ್ಲೇಸ್" ಎಂದು ಸಂಬಂಧಾರ್ಥಕ ಸರ್ವನಾಮವನ್ನೂ ಪೂರ್ಣ ಭೂತಕಾಲವನ್ನೂ ಒಟ್ಟಿಗೆ ಬಳಸಿದೆ.

ಜಿಲ್ಲೆ, ತಾಲ್ಲೂಕುಗಳ ಹೆಸರು ಬದಲಾದ ದಾಖಲೆಗಳು

ಒಂದೇ ಕುಟುಂಬದ ದಾಖಲೆಗಳಲ್ಲಿ ಊರಿನ ವಿಳಾಸ ಬೇರೆಬೇರೆಯಾಗಿರುವುದು ಈ ಭಾಗದಲ್ಲಿ ಸಾಮಾನ್ಯ. ಹೊರಗಿನ ಪ್ರಾಧಿಕಾರಗಳು ಇದನ್ನು ವ್ಯತ್ಯಾಸವೆಂದು ಗುರುತಿಸಿ ವಿವರಣೆ ಕೇಳುತ್ತವೆ. 2014 ರ ನವೆಂಬರ್ 1 ರಿಂದ ಹಾಸ್ಪೆಟ್ ಎಂಬ ಇಂಗ್ಲಿಷ್ ರೂಪವು ಹೊಸಪೇಟೆ ಎಂದೂ, ಬೆಳ್ಳಾರಿ ಎಂಬುದು ಬಳ್ಳಾರಿ ಎಂದೂ ಬದಲಾದವು. 2021 ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆಯ ರಚನೆಗೆ ಅಧಿಸೂಚನೆ ಹೊರಡಿಸಲಾಗಿ, ಅದೇ ವರ್ಷ ಅಕ್ಟೋಬರ್ 2 ರಂದು ಜಿಲ್ಲೆಯು ಉದ್ಘಾಟನೆಗೊಂಡಿತು. ಹೊಸಪೇಟೆಯವರಿಗೆ ತಾಲ್ಲೂಕು ಅದೇ, ಜಿಲ್ಲೆ ಬೇರೆಯಾಯಿತು. ಹಂಪಿಯೂ ಅದರೊಡನೆಯೇ ಹೋಯಿತು. ಕಂಪ್ಲಿಯವರಿಗೆ ಜಿಲ್ಲೆ ಬಳ್ಳಾರಿಯೇ, ಆದರೆ ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸಂಡೂರಿನವರಿಗೆ ಎರಡೂ ಬದಲಾಗಲಿಲ್ಲ.

ಹಳೆಯ ಪ್ರಮಾಣಪತ್ರದ ವಿಳಾಸವನ್ನು ವಿವರಿಸಲು ಉಪಯೋಗವಾಗುವ ವಾಕ್ಯ: "ದಿ ಸರ್ಟಿಫಿಕೇಟ್ ವಾಸ್ ಇಶ್ಯೂಡ್ ಇನ್ 2009, ವೆನ್ ವಿಜಯನಗರ ಡಿಸ್ಟ್ರಿಕ್ಟ್ ಹ್ಯಾಡ್ ನಾಟ್ ಯೆಟ್ ಬೀನ್ ಫಾರ್ಮ್ಡ್." ಪತ್ರ ನೀಡಿದ ಹೊತ್ತಿಗೆ ಜಿಲ್ಲೆ ರಚನೆಯಾಗಿರಲಿಲ್ಲ ಎಂಬ ನಿಷೇಧಾರ್ಥಕ್ಕೆ "ಹ್ಯಾಡ್ ನಾಟ್" ಸಾಕು.

ಹಿರಿಯ ನಾಗರಿಕರ ದಾಖಲೆಗಳಲ್ಲಿ ರಾಜ್ಯದ ಹೆಸರೇ ಬೇರೆಯಾಗಿರಬಹುದು. ಬಳ್ಳಾರಿಯು 1953 ರ ಅಕ್ಟೋಬರ್ 1 ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973 ರ ನವೆಂಬರ್ 1 ರಂದು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರು 1949 ರಲ್ಲಿ ಮದರಾಸು ಪ್ರಾಂತ್ಯದೊಡನೆ ವಿಲೀನವಾಯಿತು. "ಸಂಡೂರ್, ವಿಚ್ ಹ್ಯಾಡ್ ಬೀನ್ ಎ ಪ್ರಿನ್ಸ್ಲಿ ಸ್ಟೇಟ್, ವಾಸ್ ಮರ್ಜ್ಡ್ ಇನ್ 1949" ಎಂಬ ಒಂದು ವಾಕ್ಯದಲ್ಲಿ ಈ ಪುಟದ ಎರಡು ವಿಷಯಗಳೂ ಅಡಗಿವೆ.

ಸಂಬಂಧಾರ್ಥಕ ಸರ್ವನಾಮಗಳು

ಕನ್ನಡದಲ್ಲಿ ವಿವರಣೆಯು ನಾಮಪದದ ಮುಂಚೆ ಬರುತ್ತದೆ: "ಅರ್ಜಿ ಸಲ್ಲಿಸಿದ ಮಹಿಳೆ." "ಸಲ್ಲಿಸಿದ" ಎಂಬುದನ್ನು ಶಾಲೆಯಲ್ಲಿ ಕೃದಂತವೆಂದು ಕಲಿಸಲಾಗುತ್ತದೆ. ಇಂಗ್ಲಿಷ್‌ನಲ್ಲಿ ನಾಮಪದವೇ ಮೊದಲು, ವಿವರಣೆ ಅದರ ಹಿಂದೆ, ನಡುವೆ ಒಂದು ಸರ್ವನಾಮದ ಕೊಂಡಿ: "ದಿ ವುಮನ್ ಹೂ ಸಬ್‌ಮಿಟೆಡ್ ದಿ ಅಪ್ಲಿಕೇಶನ್." ಪದಗಳ ಸ್ಥಾನ ತಲೆಕೆಳಗಾಗುವುದು ಒಂದು ತೊಡಕಾದರೆ, ಇನ್ನೊಂದು ತೊಡಕು ಕೃದಂತದ ಸ್ವಭಾವದಲ್ಲಿಯೇ ಇದೆ. ಅದರಲ್ಲಿ ವಿಭಕ್ತಿ ಕಾಣುವುದಿಲ್ಲ. "ನಾನು ಗದ್ದೆ ಕೊಂಡ ರೈತ" ಎಂದರೆ ನನಗೆ ಮಾರಿದವನು. "ಗದ್ದೆ ಕೊಂಡ ರೈತ" ಎಂದರೆ ಕೊಂಡವನೇ. "ನಾನು" ಎಂಬ ಒಂದು ಪದ ಬಿಟ್ಟುಹೋದರೆ ಮಾರಿದವನು ಕೊಂಡವನಾಗುತ್ತಾನೆ. ಇಂಗ್ಲಿಷ್‌ನಲ್ಲಿ ಮೊದಲನೆಯದು "ಫ್ರಮ್ ಹೂಮ್", ಎರಡನೆಯದು "ಹೂ".

ಇದಕ್ಕೆ ಕನ್ನಡದೊಳಗಿನಿಂದಲೇ ಒಂದು ಉಪಾಯವುಂಟು. ವಾಕ್ಯವನ್ನು ಮೊದಲು "ಯಾರು... ಅವರು" ಮಾದರಿಗೆ ತಿರುಗಿಸಿಕೊಳ್ಳಬೇಕು. "ಯಾರಿಂದ ನಾನು ಗದ್ದೆ ಕೊಂಡೆನೋ ಆ ರೈತ" ಎಂದು ಹೇಳಿಕೊಂಡ ಕೂಡಲೇ ವಿಭಕ್ತಿ ಹೊರಗೆ ಬರುತ್ತದೆ. "ಯಾರು" ಎಂದು ಬಂದರೆ "ಹೂ", "ಯಾರನ್ನು" ಎಂದು ಬಂದರೆ "ಹೂಮ್", "ಯಾರಿಗೆ" ಎಂದರೆ "ಟು ಹೂಮ್", "ಯಾರಿಂದ" ಎಂದರೆ "ಫ್ರಮ್ ಹೂಮ್", "ಯಾರ" ಎಂದರೆ "ಹೂಝ್". ವಸ್ತು, ಜಮೀನು, ದಾಖಲೆಗಳಾಗಿದ್ದರೆ "ವಿಚ್". "ದಟ್" ಎಂಬುದು ವ್ಯಕ್ತಿ, ವಸ್ತು ಎರಡಕ್ಕೂ ಸಲ್ಲುತ್ತದೆ, ಆದರೆ ಅಲ್ಪವಿರಾಮದ ನಂತರ ಅದನ್ನು ಬಳಸುವಂತಿಲ್ಲ.

ಹೆಸರಿನ ವ್ಯತ್ಯಾಸದ ಅಫಿಡವಿಟ್‌ಗಳಲ್ಲಿ "ಹೂಝ್" ಹೆಚ್ಚಾಗಿ ಬೇಕಾಗುತ್ತದೆ. ಆಧಾರ್‌ನಲ್ಲಿ ಹುಲಿಗೆಮ್ಮ, ಶಾಲಾ ದಾಖಲೆಯಲ್ಲಿ ಹುಲಿಗೆವ್ವ ಎಂದಿದ್ದರೆ: "ಹುಲಿಗೆಮ್ಮ, ಹೂಝ್ ನೇಮ್ ಹ್ಯಾಡ್ ಬೀನ್ ಎಂಟರ್ಡ್ ಆಸ್ ಹುಲಿಗೆವ್ವ ಇನ್ ದಿ ಸ್ಕೂಲ್ ರಿಜಿಸ್ಟರ್..." ಎಂದು ಆರಂಭಿಸಿ, ಇಬ್ಬರೂ ಒಬ್ಬರೇ ಎಂಬ ಘೋಷಣೆಯನ್ನು ಪ್ರತ್ಯೇಕ ವಾಕ್ಯವಾಗಿ ಬರೆಯುವುದು ಒಳ್ಳೆಯದು.

ಯಾವ ಸರ್ವನಾಮವನ್ನು ಆರಿಸಿದರೂ ಸರಿಹೋಗದ ವಾಕ್ಯಗಳೂ ಉಂಟು. "2006 ರಲ್ಲಿ ಮೃತಪಟ್ಟ ಖಾತೆದಾರರ ಮಗ" ಎಂದಾಗ ಮೃತಪಟ್ಟವರು ಖಾತೆದಾರರೋ ಮಗನೋ? "ದಿ ಸನ್ ಆಫ್ ದಿ ಖಾತೆದಾರ್ ಹೂ ಡೈಡ್ ಇನ್ 2006" ಎಂದರೂ ಅದೇ ಗೊಂದಲ. ಇಂತಹ ಕಡೆ ವಾಕ್ಯವನ್ನು ಎರಡಾಗಿ ಒಡೆಯುವುದೇ ಲೇಸು. ಉದ್ದದ ವಾಕ್ಯ ಬರೆದರೆ ಅರ್ಜಿಗೆ ತೂಕ ಬರುತ್ತದೆಂಬ ನಂಬಿಕೆ ಕಚೇರಿಗಳ ಹೊರಗಿನ ಅರ್ಜಿ ಬರಹಗಾರರಲ್ಲಿ ಬೇರೂರಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಅಲ್ಪವಿರಾಮವೂ ವಾರಸುದಾರರ ಸಂಖ್ಯೆಯೂ

"ಮೈ ಬ್ರದರ್ ಹೂ ಲಿವ್ಸ್ ಇನ್ ಸಂಡೂರ್" ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಅರ್ಜಿದಾರರಿಗೆ ಒಬ್ಬರಿಗಿಂತ ಹೆಚ್ಚು ಸಹೋದರರಿದ್ದು, ಅವರಲ್ಲಿ ಸಂಡೂರಿನಲ್ಲಿರುವವರ ಮಾತು ಇದು ಎಂದು ಅರ್ಥ. "ಮೈ ಬ್ರದರ್, ಹೂ ಲಿವ್ಸ್ ಇನ್ ಸಂಡೂರ್," ಎಂದು ಎರಡು ಅಲ್ಪವಿರಾಮಗಳ ನಡುವೆ ಬರೆದರೆ, ಇರುವ ಸಹೋದರ ಒಬ್ಬರೇ, ಅವರು ಸಂಡೂರಿನಲ್ಲಿದ್ದಾರೆ ಎಂದು ಅರ್ಥ. ಕನ್ನಡದ "ಸಂಡೂರಿನಲ್ಲಿರುವ ನನ್ನ ಅಣ್ಣ" ಎಂಬ ಮಾತು ಎರಡಕ್ಕೂ ಹೊಂದುವುದರಿಂದ ಈ ವ್ಯತ್ಯಾಸವು ನಮ್ಮ ಕಿವಿಗೆ ತಟ್ಟುವುದಿಲ್ಲ.

ವಾರಸುದಾರರ ಪಟ್ಟಿಯೊಡನೆ ಸಲ್ಲಿಸುವ ಅಫಿಡವಿಟ್‌ನಲ್ಲಿ ಅಲ್ಪವಿರಾಮ ಬಿಟ್ಟುಹೋದರೆ, ಪಟ್ಟಿಯಲ್ಲಿಲ್ಲದ ಇನ್ನೊಬ್ಬ ಸಹೋದರ ಎಲ್ಲಿ ಎಂಬ ಪ್ರಶ್ನೆ ಏಳಬಹುದು. "ದಿ ಡಾಟರ್ಸ್ ಹೂ ಆರ್ ಮ್ಯಾರಿಡ್" ಎಂದರೆ ಮದುವೆಯಾಗದ ಹೆಣ್ಣುಮಕ್ಕಳೂ ಇದ್ದಾರೆಂದಾಯಿತು. ಕರ್ನಾಟಕದಲ್ಲಿ 1994 ರ ಜುಲೈ 30 ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅದಕ್ಕೆ ಮೊದಲೇ ವಿವಾಹವಾಗಿದ್ದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಹಕ್ಕಿನಿಂದ ಹೊರಗಿಡಲಾಗಿತ್ತು. 2005 ರ ಸೆಪ್ಟೆಂಬರ್ 9 ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020 ರ ಆಗಸ್ಟ್ 11 ರಂದು ತೀರ್ಪು ನೀಡಿದೆ. ಆದರೂ ಹಳೆಯ ಮಾದರಿಯನ್ನು ನಕಲು ಮಾಡಿ, ವಿವಾಹಿತ ಹೆಣ್ಣುಮಕ್ಕಳನ್ನು ಬೇರ್ಪಡಿಸುವ ವಾಕ್ಯವನ್ನು ಹಾಗೆಯೇ ಉಳಿಸಿಕೊಂಡ ಕರಡುಗಳು ಇಂದಿಗೂ ಕಾಣಸಿಗುತ್ತವೆ. ಸಹಿ ಮಾಡುವ ಮೊದಲು ಅದನ್ನು ತೆಗೆಸತಕ್ಕದ್ದು.

ಅಭ್ಯಾಸ

ಅಭ್ಯಾಸಕ್ಕೆ ಪ್ರತ್ಯೇಕ ಪುಸ್ತಕ ಬೇಕಾಗಿಲ್ಲ. ಮನೆಯಲ್ಲಿರುವ ದಾಖಲೆಗಳಿಂದ ಜನನ, ಮರಣ, ವಿವಾಹ, ಖರೀದಿ, ಖಾತಾ ಬದಲಾವಣೆಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಹಳೆಯದರಿಂದ ಹೊಸದಕ್ಕೆ ಕ್ರಮವಾಗಿ ಬರೆದುಕೊಳ್ಳಬೇಕು. ಪಟ್ಟಿಯ ಯಾವುದಾದರೂ ಎರಡು ಸಾಲುಗಳನ್ನು ಆರಿಸಿ, ಮೇಲಿನದಕ್ಕೆ "ಹ್ಯಾಡ್" ಹಾಕಿ, ಕೆಳಗಿನದನ್ನು ಸಾಮಾನ್ಯ ಭೂತಕಾಲದಲ್ಲಿಟ್ಟು ಒಂದು ವಾಕ್ಯ ಮಾಡಬೇಕು. ಇದೇ ಹಾಳೆಯು ಮುಂದೆ ಅಫಿಡವಿಟ್ ಬರೆಯಿಸುವಾಗ ಕೈಗೆ ಬರುತ್ತದೆ.

ಕೆಳಕಂಡ ವಾಕ್ಯಗಳನ್ನು ಮೊದಲು ಸ್ವತಃ ಇಂಗ್ಲಿಷ್‌ಗೆ ತಿರುಗಿಸಿ, ನಂತರ ಉತ್ತರಗಳನ್ನು ನೋಡಬಹುದು.

1. ತಹಶೀಲ್ದಾರರು ಸ್ಥಳ ಪರಿಶೀಲನೆಗೆ ಬರುವಷ್ಟರಲ್ಲಿ ಮಳೆಯಿಂದ ಗೋಡೆ ಕುಸಿದಿತ್ತು.
2. ಕಳೆದ ಸೋಮವಾರ ನಾನು ನಾಡಕಚೇರಿಗೆ ಹೋಗಿದ್ದೆ.
3. ಕಂಪ್ಲಿಯಲ್ಲಿರುವ ನನ್ನ ಅಕ್ಕ ಸಾಕ್ಷಿಯಾಗಿ ಸಹಿ ಮಾಡಿದಳು. (ಅಕ್ಕ ಒಬ್ಬಳೇ.)
4. ನಾವು ನಿವೇಶನ ಕೊಂಡ ವ್ಯಕ್ತಿ 2015 ರಲ್ಲಿ ತೀರಿಕೊಂಡರು.
5. ಖಾತೆ ಬದಲಾವಣೆಯಾದಾಗ ನನ್ನ ತಾಯಿ ತೀರಿಕೊಂಡಿರಲಿಲ್ಲ.

ಉತ್ತರಗಳು: ಮೊದಲನೆಯದು, "ಬೈ ದಿ ಟೈಮ್ ದಿ ತಹಶೀಲ್ದಾರ್ ಕೇಮ್ ಫಾರ್ ಇನ್‌ಸ್ಪೆಕ್ಷನ್, ದಿ ವಾಲ್ ಹ್ಯಾಡ್ ಕೊಲ್ಯಾಪ್ಸ್ಡ್ ಬಿಕಾಸ್ ಆಫ್ ದಿ ರೇನ್." ಇಲ್ಲಿ "ಕೊಲ್ಯಾಪ್ಸ್ಡ್" ಎಂದು ಮಾತ್ರ ಬರೆದರೆ ಪರಿಶೀಲನೆಯ ಹೊತ್ತಿಗೇ ಗೋಡೆ ಬಿದ್ದಂತಾಗುತ್ತದೆ. ಎರಡನೆಯದು, "ಐ ವೆಂಟ್ ಟು ದಿ ನಾಡಕಚೇರಿ ಲಾಸ್ಟ್ ಮಂಡೇ", "ಹ್ಯಾಡ್" ಬೇಡ. ಮೂರನೆಯದು, "ಮೈ ಎಲ್ಡರ್ ಸಿಸ್ಟರ್, ಹೂ ಲಿವ್ಸ್ ಇನ್ ಕಂಪ್ಲಿ, ಸೈನ್ಡ್ ಆಸ್ ಎ ವಿಟ್‌ನೆಸ್". ಎರಡು ಅಲ್ಪವಿರಾಮಗಳು ಕಡ್ಡಾಯ. ನಾಲ್ಕನೆಯದು, "ದಿ ಪರ್ಸನ್ ಫ್ರಮ್ ಹೂಮ್ ವಿ ಬಾಟ್ ದಿ ಸೈಟ್ ಡೈಡ್ ಇನ್ 2015."

ಐದನೆಯದರಲ್ಲಿ "ವೆನ್ ದಿ ಖಾತಾ ವಾಸ್ ಚೇಂಜ್ಡ್, ಮೈ ಮದರ್ ಹ್ಯಾಡ್ ನಾಟ್ ಡೈಡ್" ಎಂಬುದು ವ್ಯಾಕರಣಕ್ಕೆ ಸರಿ, ಆದರೆ ಇಂಗ್ಲಿಷ್ ಬಲ್ಲವರು "ಮೈ ಮದರ್ ವಾಸ್ ಸ್ಟಿಲ್ ಅಲೈವ್" ಎಂದೇ ಬರೆಯುತ್ತಾರೆ. ಭಾಷಾಂತರವನ್ನು ನೋಟರಿಯವರಿಂದ ದೃಢೀಕರಿಸಿಕೊಳ್ಳುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೋರುವುದಕ್ಕೆ ಅರ್ಜಿದಾರರಿಗೆ ಹಕ್ಕಿದೆ. ಮೂಲ ಕನ್ನಡ ಪ್ರತಿಯನ್ನು ಭಾಷಾಂತರದೊಂದಿಗೆ ತಪ್ಪದೆ ಲಗತ್ತಿಸತಕ್ಕದ್ದು.